ಆ ಹುಳಕ್ಕೆ ಹಸಿರು ಎಲ್ಲಿಂದ ಬಂತು?

ತೀರ್ಥಹಳ್ಳಿ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮಳೆಗಾಲ ಶುರುವಾದರೆ ಲಿವರ್‌ವರ್ಟ್ ಎಂಬ ಚಪ್ಪಟೆಯ ಪುಟ್ಟ ಗಿಡ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಾವಿಯ ಜಂಬಿಟ್ಟಿಗೆ ಕಲ್ಲಿಗೆ ಅಂಟಿಕೊಂಡು ಹಬ್ಬಿರುತ್ತದೆ. ನಾವು ಸುಮ್ನೆ ಪಾಚಿ ಅಂದುಬಿಡುತ್ತೇವೆ.

ಹೋದ ವರ್ಷ ತರಗತಿಯಲ್ಲಿ ಎರಡು ಚಿತ್ರ ತೋರಿಸಿದೆ. ಒಂದು ಮಾರ್ಕಾಂಶಿಯಾ ಎಂಬ ಲಿವರ್‌ವರ್ಟ್. ಇನ್ನೊಂದು ಎಲಿಸಿಯಾ ಕ್ಲೋರೋಟಿಕಾ. ಅಮೆರಿಕದ ಪೂರ್ವ ಕರಾವಳಿಯ ಉಪ್ಪುನೀರಿನ ಜವುಗಿನಲ್ಲಿರುವ ಸೀ ಸ್ಲಗ್ ಅದು. ನಮ್ಮ ಅಡಿಕೆ ತೋಟದ ಬಸವನಹುಳುವಿನ ಕಡಲ ನೆಂಟ, ಆದರೆ ಚಿಪ್ಪಿಲ್ಲ. ಎರಡೂ ಹಸಿರು, ಎರಡೂ ಚಪ್ಪಟೆ. ಗಿಡ, ಪ್ರಾಣಿ ಎಂದು ಬೋರ್ಡ್ ಮೇಲೆ ಪಟ್ಟಿ ಬರೆದೆ. ತೆವಳುತ್ತದೆ, ತೆವಳುವುದಿಲ್ಲ. ಬಾಯಿ ಇದೆ, ಇಲ್ಲ. ಪಟ್ಟಿ ತುಂಬಿತು.

"ಮೇಡಂ, ಆ ಹುಳಕ್ಕೆ ಹಸಿರು ಎಲ್ಲಿಂದ ಬಂತು?" ಒಬ್ಬಳು ಕೇಳಿದಳು.

"ಪಾಚಿ ತಿಂದು" ಎಂದು ಮುಂದಕ್ಕೆ ಹೋದೆ. ಹಿಂದಿನ ಬೆಂಚಿನ ಹುಡುಗ ಬಿಡಲಿಲ್ಲ. "ಹಾಗಾದ್ರೆ ಕೆಸುವಿನ ಸೊಪ್ಪು ತಿಂದ ನಾವ್ಯಾಕೆ ಹಸಿರಾಗಲ್ಲ?"

ಪಾಠ ಇದ್ದದ್ದೇ ಆ ಪ್ರಶ್ನೆಯಲ್ಲಿ. ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಮರುದಿನ ಪಟ್ಟಿ ಒರೆಸಿ ಅಲ್ಲಿಂದಲೇ ಶುರು ಮಾಡಿದೆ.

ಆ ಹುಳ ವಾಶೇರಿಯಾ ಎಂಬ ಪಾಚಿಯ (ಬಾವಿಯ ಲಿವರ್‌ವರ್ಟ್ ಅಲ್ಲ, ಆಲ್ಗೆ) ಎಳೆಯನ್ನು ಚುಚ್ಚಿ ರಸ ಹೀರುತ್ತದೆ. ಉಳಿದದ್ದೆಲ್ಲ ಜೀರ್ಣವಾಗುತ್ತದೆ, ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್ ಮಾತ್ರ ಆಗುವುದಿಲ್ಲ. ಕರುಳಿನ ಜೀವಕೋಶಗಳಲ್ಲಿ ಅದು ಹಾಗೇ ಉಳಿಯುತ್ತದೆ. ಕರುಳು ಮೈಯೆಲ್ಲ ಕವಲೊಡೆದಿರುವುದರಿಂದ ಮೈಯೇ ಎಲೆಯಂತೆ ಕಾಣುತ್ತದೆ. ಪ್ರಯೋಗಾಲಯದಲ್ಲಿ ಊಟವಿಲ್ಲದೆ, ಬೆಳಕಿನಲ್ಲಿ 9 ತಿಂಗಳಷ್ಟು ಬದುಕಿದ್ದುಂಟು. ಅದರಲ್ಲಿ ಕದ್ದ ಕ್ಲೋರೋಪ್ಲಾಸ್ಟಿನ ಪಾಲೆಷ್ಟು ಎಂದು ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ.

ಆದರೆ ಅದರ ಮೊಟ್ಟೆಯಲ್ಲಿ ಈ ಹಸಿರು ಇರುವುದಿಲ್ಲ. ಪ್ರತಿ ಮರಿಯೂ ಪಾಚಿ ತಿಂದೇ ಹಸಿರಾಗಬೇಕು. ಲಿವರ್‌ವರ್ಟ್‌ಗೆ ಆ ಕಷ್ಟವಿಲ್ಲ. ಅದರ ಮೈಮೇಲೆ ಪುಟ್ಟ ಬಟ್ಟಲುಗಳಿರುತ್ತವೆ. ಒಳಗೆ ಜೆಮ್ಮಾ ಎಂಬ ಹಸಿರು ಬಿಲ್ಲೆಗಳು. ಮಳೆ ಹನಿ ಬಿದ್ದರೆ ಅವು ಆಚೆ ಸಿಡಿದು ಹೊಸ ಗಿಡವಾಗುತ್ತವೆ, ಹಸಿರಿನ ಸಮೇತ. ನನ್ನ ಪಟ್ಟಿಯಲ್ಲಿ ಈ ವ್ಯತ್ಯಾಸವೇ ಇರಲಿಲ್ಲ, ಅಲ್ವಾ?

ಈ ವರ್ಷ ಚಿತ್ರ ತೋರಿಸಲಿಲ್ಲ. ಜುಲೈನಲ್ಲಿ ಮಕ್ಕಳನ್ನು ನೇರವಾಗಿ ಬಾವಿಕಟ್ಟೆಗೆ ಕರೆದುಕೊಂಡು ಹೋದೆ. "ಇದಕ್ಕೆ ಹಸಿರು ಎಲ್ಲಿಂದ ಬಂತು?" ಎಂದಷ್ಟೇ ಕೇಳಿ ಲೆನ್ಸ್ ಕೊಟ್ಟೆ. ಒಬ್ಬಳು ಡ್ರಾಪರ್‌ನಿಂದ ಬಟ್ಟಲಿಗೆ ನೀರು ಬಿಟ್ಟಳು. ಒಂದು ಬಿಲ್ಲೆ ಹಾರಿ ಅವಳ ಬೆರಳಿಗೆ ಅಂಟಿಕೊಂಡಿತು. ಒರೆಸಿಕೊಳ್ಳದೆ, ಬೆರಳನ್ನು ಹಾಗೇ ಚಾಚಿಕೊಂಡು ಎಲ್ಲರಿಗೂ ತೋರಿಸುತ್ತಾ ಬಂದಳು.