ಗುಂಡು ಆಚೆ ಬಂದ ಶನಿವಾರ

"ಸಾರ್, ಗುಂಡು ಆಚೆ ಬಂದ್ಬಿಡ್ತು."

ಮೈಸೂರಿನ ಕಾಲೇಜೊಂದರ ಲ್ಯಾಬು, ಶನಿವಾರ ಬೆಳಿಗ್ಗೆ. ಕಂಪ್ಯೂಟರ್ ತೆರೆಯ ಮೇಲೆ 8 ಗ್ರಾಂನ 9 ಎಂಎಂ ಗುಂಡು, ವೇಗ ಸೆಕೆಂಡಿಗೆ 398 ಮೀಟರ್. ಎದುರಿಗೆ ರಾಳ ಹಾಕಿ ಒತ್ತಿದ 20 ಪದರ ಕೆವ್ಲಾರ್, ಗುಂಡು ತಡೆಯುವ ಕವಚದ ಬಟ್ಟೆ. ಗುಂಡು ನಿಲ್ಲಬೇಕಿತ್ತು.

ಇಂಥ ಏಟುಗಳನ್ನು ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್ ಎಲ್‌ಎಸ್-ಡೈನಾದಲ್ಲಿ ಹೀಗಾದಾಗ ಕೈ ಮೊದಲು ಹೋಗುವುದು ನೂಲು ಹರಿಯುವ ಮಿತಿಯ ಕಡೆಗೆ. ಅದನ್ನು ಒಂಚೂರು ಏರಿಸಿದರೆ ಗುಂಡು ನಿಂತೀತು, ಆದರೆ ಅದು ಲೆಕ್ಕವಲ್ಲ, ತೇಪೆ. ಮೊದಲು ಅಳತೆಯ ಮಾನಗಳನ್ನು ನೋಡಬೇಕು. ಗ್ರಾಂ, ಮಿಲಿಮೀಟರ್, ಮಿಲಿಸೆಕೆಂಡ್ ಹಿಡಿದರೆ ಕೆವ್ಲಾರ್ ಸಾಂದ್ರತೆ 0.00144, ಶಕ್ತಿ ಬರುವುದು ಮಿಲಿಜೂಲ್‌ನಲ್ಲಿ. ಕಾಲು ಭಾಗವನ್ನಷ್ಟೇ ಕಟ್ಟಿ ಉಳಿದದ್ದನ್ನು ಅದರ ಕನ್ನಡಿ ಬಿಂಬ ಎಂದು ಹಿಡಿದ ಮಾಡೆಲ್ ಆದ್ದರಿಂದ ಶುರುವಿನ ಚಲನಶಕ್ತಿ 1,58,404 ತೋರಿಸಬೇಕು. ತೋರಿಸುತ್ತಿತ್ತು. ಕತ್ತರಿಸಿದ ಗೆರೆಯೂ ನೂಲಿನ ನಟ್ಟನಡುವೆಯೇ ಇತ್ತು. ಎರಡು ನೂಲುಗಳ ಮಧ್ಯೆ ಕತ್ತರಿಸಿದರೆ ಕನ್ನಡಿ ಬಿಂಬ ಕೂಡುವುದಿಲ್ಲ. ನೂಲುಗಳ ಘರ್ಷಣೆ 0.2. ಅದು ಸೊನ್ನೆಯಾಗಿದ್ದರೆ ಗುಂಡು ನೂಲುಗಳನ್ನು ಪಕ್ಕಕ್ಕೆ ತಳ್ಳಿ ನುಸುಳಿಬಿಡುತ್ತದೆ.

ಒಂದೊಂದೇ ಫ್ರೇಮ್ ಸರಿಸಿದಾಗ ಕಳ್ಳ ಸಿಕ್ಕಿದ. ಮೇಲುಕೋಟೆ ಪಂಚೆಯ ಹಾಗೆ ಇದೂ ಸಾದಾ ನೇಯ್ಗೆ: ಹಾಸು, ಹೊಕ್ಕು ಒಂದನ್ನೊಂದು ಹತ್ತಿ ಇಳಿಯುತ್ತವೆ. ಎಲಿಮೆಂಟುಗಳು, ಅಂದರೆ ಮಾಡೆಲ್ ಅನ್ನು ಒಡೆದ ಪುಟ್ಟ ತುಣುಕುಗಳು, ಅಳಿಯುತ್ತಿದ್ದದ್ದು ಗುಂಡಿನ ಮೂಗಿನ ಕೆಳಗಷ್ಟೇ ಅಲ್ಲ. ನೂಲು ಏರುವ, ಇಳಿಯುವ ಓರೆಗಳಲ್ಲೆಲ್ಲ, ಚೌಕುಳಿ ಬಟ್ಟೆಯಷ್ಟು ನೀಟಾಗಿ. ನಿಜವಾದ ಏಟು ಇಷ್ಟು ಶಿಸ್ತಾಗಿ ಹರಿಯುವುದಿಲ್ಲ.

ಎಳೆಯ ದಿಕ್ಕನ್ನು ಇಡೀ ಮಾಡೆಲ್‌ಗೆ ಒಂದೇ ಎಂದು ಕೊಟ್ಟಿದ್ದೇ ತಪ್ಪು. ನೂಲು ಓರೆಯಾದರೂ ಅದರ ಬಲದ ದಿಕ್ಕು ಮಟ್ಟಸವಾಗಿಯೇ ಉಳಿದಿತ್ತು. ಎಳೆಯುದ್ದಕ್ಕೆ ಸುಮಾರು 70 ಗಿಗಾಪ್ಯಾಸ್ಕಲ್ ಗಡಸು ಇರುವ ಕೆವ್ಲಾರ್ ಅಡ್ಡಕ್ಕೆ ತೀರಾ ಮೆದು. ಓರೆಯಲ್ಲಿ ಎಳೆತದ ಒಂದು ಪಾಲು ಆ ಮೆದು ದಿಕ್ಕಿಗೆ ಬಿದ್ದು ಎಲಿಮೆಂಟು ಸತ್ತಿತ್ತು. ದಿಕ್ಕನ್ನು ಹೇಗೆ ಹಿಡಿಯಬೇಕೆಂದು ಹೇಳುವ ಆಯ್ಕೆ ಎಒಪಿಟಿಯನ್ನು ಸೊನ್ನೆ ಮಾಡಿದರೆ ದಿಕ್ಕು ಎಲಿಮೆಂಟಿನ ನೋಡ್‌ಗಳಿಂದಲೇ, ಅಂದರೆ ಮೂಲೆಯ ಬಿಂದುಗಳಿಂದಲೇ ಬರುತ್ತದೆ. ಆದರೆ ಒಂದರಿಂದ ಎರಡನೇ ನೋಡ್ ನೂಲಿನುದ್ದಕ್ಕೇ ಹೋಗಬೇಕು. ಹೊಕ್ಕಿನ ಜಾಲರಿಯಲ್ಲಿ ಅದು ಅಡ್ಡಕ್ಕಿತ್ತು. ಹಾಸಿನ ನೂಲನ್ನೇ 90 ಡಿಗ್ರಿ ತಿರುಗಿಸಿ ಮತ್ತೆ ಇಟ್ಟದ್ದಾಯಿತು.

ಮರು ಓಟಕ್ಕೆ ತಾಳ್ಮೆ ಬೇಕು. 0.1 ಮಿಲಿಮೀಟರ್ ಎಲಿಮೆಂಟಿಗೆ ಕಾಲದ ಹೆಜ್ಜೆ ಸುಮಾರು 14 ನ್ಯಾನೊಸೆಕೆಂಡ್. 200 ಮೈಕ್ರೊಸೆಕೆಂಡ್ ದಾಟಲು ಹದಿನಾಲ್ಕು ಸಾವಿರ ಹೆಜ್ಜೆ.

ಸಂಜೆಗೆ ಗುಂಡು ನಿಂತಿತು, ಚೌಕುಳಿಯೂ ಮಾಯ. ಆದರೆ ಹಿಂಬದಿಯ ಉಬ್ಬು ಅನುಮಾನ ಬರುವಷ್ಟು ಚಿಕ್ಕದು. ಪದರಗಳನ್ನು ಬಿಡಿಸಲಾಗದ ಹಾಗೆ ಅಂಟಿಸಿತ್ತು. ರಾಳ ಬಿಟ್ಟುಕೊಂಡು ಪದರ ಸೀಳಲು ಎಡೆಯೇ ಇರಲಿಲ್ಲ. ಮಿತಿ ಮೀರಿದರೆ ಅಂಟು ಬಿಡುವ ಟೈಬ್ರೇಕ್ ಕೊಡುವ ಕೆಲಸ ಸೋಮವಾರಕ್ಕೆ ಉಳಿಯಿತು.