ಪಮೇಲಾ ಎಂಬ ಹುಚ್ಚು
1740ರಲ್ಲಿ ಲಂಡನ್ನಿನ ಮುದ್ರಕ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಬರೆದ ಕಾದಂಬರಿಯ ನಾಯಕಿ ಪಮೇಲಾ. ಹದಿನೈದರ ಮನೆಗೆಲಸದ ಹುಡುಗಿ. ಮೈಮೇಲೆ ಬೀಳುವ ಧಣಿಗೆ ಜಗ್ಗದೆ, ನಡೆದದ್ದನ್ನೆಲ್ಲ ಅಪ್ಪ ಅಮ್ಮನಿಗೆ ಕಾಗದ ಬರೆಯುತ್ತಾಳೆ. ಜನ ಹುಚ್ಚೆದ್ದು ಓದಿದರು. ಬೀಸಣಿಗೆಯ ಮೇಲೂ ಪಮೇಲಾ, ಮೇಣದ ಬೊಂಬೆಯಲ್ಲೂ ಪಮೇಲಾ! ಜೋಸೆಫ್ ಹೈಮೋರ್ ಅವಳ ಕಥೆಯನ್ನು 12 ಚಿತ್ರಗಳಲ್ಲಿ ಬಿಡಿಸಿದ. ಇಟಲಿಯಲ್ಲಿ ಗೋಲ್ಡೋನಿ ನಾಟಕ ಬರೆದ. ಹೆನ್ರಿ ಫೀಲ್ಡಿಂಗ್ ಮಾತ್ರ 1741ರಲ್ಲೇ 'ಶಮೇಲಾ' ಬರೆದು, ಇವಳ ಒಳ್ಳೆಯತನವೆಲ್ಲ ಬರೀ ನಾಟಕ ಅಂತ ಆಡಿಕೊಂಡ.

ನನ್ನ ತಕರಾರು ಬೇರೆ. ಕೊನೆಗೆ, ಅಷ್ಟು ಕಾಡಿದ ಧಣಿಯನ್ನೇ ಮದುವೆಯಾಗೋದು ಅವಳ ಒಳ್ಳೆಯತನಕ್ಕೆ ಬಹುಮಾನವಂತೆ! ಇದೆಂಥ ಬಹುಮಾನ? ಆದರೂ ಅವಳು ಇಷ್ಟವಾಗುತ್ತಾಳೆ. ಬರೆದ ಕಾಗದಗಳನ್ನು ಒಳಬಟ್ಟೆಗೆ ಹೊಲಿದು ಬಚ್ಚಿಡುತ್ತಾಳಲ್ಲ, ಅವಳ ಒಳ್ಳೆಯತನಕ್ಕಿಂತ ಆ ಜಾಣತನವೇ ನನಗೆ ಜಾಸ್ತಿ ಹಿಡಿಸಿದ್ದು.