ಹಿಡಿದ ಏಡಿಯನ್ನು ಮತ್ತೆ ನೀರಿಗೆ ಬಿಡೋದು ಯಾಕೆ?

ಬೇಸಿಗೆ ಬಂತೆಂದರೆ ತೀರ್ಥಹಳ್ಳಿ ಕಡೆಯಿಂದ ಫೋನ್ ಮಾಡುವವರೆಲ್ಲ ಕೇಳುವುದು ಇದನ್ನೇ. "ಏಡಿ ಹಿಡೀತೀಯಂತೆ, ಸಾರು ಮಾಡಲ್ವಂತೆ, ಎಣಿಸಿ ವಾಪಸ್ ಬಿಡ್ತೀಯಂತೆ. ದುಡ್ಡೂ ಇಲ್ಲ. ಎಂತಕ್ಕೆ ಮಾರಾಯ್ತಿ?"

ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ, ಪ್ಯೂಜೆಟ್ ಸೌಂಡ್ ಅನ್ನುವ ಸಮುದ್ರದ ಕೊಲ್ಲಿಯ ದಡದಲ್ಲಿ. ನಾವು ಕೆಲವು ಸ್ವಯಂಸೇವಕರು ಎಣಿಸುವುದು ಇಲ್ಲಿನ ಸಮುದ್ರದ ಡಂಜೆನೆಸ್ ಅನ್ನುವ ಏಡಿಯ ಮರಿಗಳನ್ನು. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಇರುತ್ತಲ್ಲ, ಹೆಚ್ಚುಕಮ್ಮಿ ಅಂಥದ್ದೇ ಒಂದು ಕ್ಯಾನು. ಪಕ್ಕದಲ್ಲಿ ತೂತು ಕೊರೆದು ಆಲಿಕೆ ಕೂರಿಸಿ, ಒಳಗೆ ಎಲ್‌ಇಡಿ ದೀಪ ಇಟ್ಟು, ದೋಣಿಕಟ್ಟೆಯಿಂದ ನೀರಿಗೆ ಇಳಿಬಿಡುತ್ತೇವೆ. ರಾತ್ರಿ ದೀಪ ಉರಿಯುತ್ತದೆ. ಬೆಳಕಿಗೆ ಬಂದ ಮರಿಗಳು ಆಲಿಕೆಯೊಳಗೆ ನುಗ್ಗುತ್ತವೆ, ಹೊರಗೆ ಹೋಗಲು ದಾರಿ ತಿಳಿಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ದಿನ ಬಿಟ್ಟು ದಿನ ಸರದಿಯಂತೆ ಹೋಗಿ ಬಿಳಿ ಟ್ರೇಗೆ ಸುರಿದು ಎಣಿಸುತ್ತೇವೆ.

ಮೊದಲ ದಿನ ನನಗೆ ಅದು ಏಡಿ ಅಂತಲೇ ಗೊತ್ತಾಗಲಿಲ್ಲ. ಅಕ್ಕಿ ಕಾಳಿನಷ್ಟು ಉದ್ದ, ಗಾಜಿನಂಥ ಮೈ, ಎರಡು ಕಪ್ಪು ಕಣ್ಣು. ಮುಂದೆ ಪುಟ್ಟ ಕೊಂಬು, ಹಿಂದೆ ಸೀಗಡಿಯ ಹಾಗೆ ಬಾಲ. ಇದಕ್ಕೆ ಮೆಗಲೋಪ ಅನ್ನುತ್ತಾರೆ. ಇನ್ನೊಂದು ಸಲ ಪೊರೆ ಕಳಚಿದರೆ ಬಾಲ ಹೊಟ್ಟೆಯಡಿ ಮಡಚಿಕೊಂಡು ಏಡಿಯ ಆಕಾರ ಬರುತ್ತದೆ. ನಮ್ಮ ಗದ್ದೆ ಏಡಿ ಹಾಗಲ್ಲ ನೋಡಿ. ಮಳೆಗಾಲದಲ್ಲಿ ಅಂಚಿನ ಬಿಲದಿಂದ ತಾಯಿ ಏಡಿ ತೆಗೆದರೆ ಹೊಟ್ಟೆಯಡಿ ಮರಿಗಳು ಮುತ್ತಿಕೊಂಡಿರುತ್ತಿದ್ದವು. ಪೂರ್ತಿ ಏಡಿಯಾದ ಮೇಲೇ ತಾಯಿ ಅವನ್ನು ಬಿಡುವುದು. ಸಮುದ್ರದ್ದಕ್ಕೆ ಆ ಮಡಿಲಿಲ್ಲ. ಲಕ್ಷಗಟ್ಟಲೆ ಮೊಟ್ಟೆ ಒಡೆದು, ಮರಿಗಳು ತಿಂಗಳುಗಟ್ಟಲೆ ನೀರು ಎಳೆದತ್ತ ತೇಲುತ್ತವೆ. ಎಲ್ಲಿಗೆ ಬಂದು ಸೇರಿದವು, ಎಷ್ಟು ಉಳಿದವು? ಯಾರಾದರೂ ನಿಂತು ಎಣಿಸಿದರೆ ಮಾತ್ರ ತಿಳಿಯುತ್ತದೆ.

ತಿಳಿದು ಏನಾಗಬೇಕು ಅಂತೀರಾ? ಪಕ್ಕದ ಒರೆಗಾನ್ ರಾಜ್ಯದ ಕೂಸ್ ಬೇಯಲ್ಲಿ ವಿಜ್ಞಾನಿ ಅಲನ್ ಶಾಂಕ್ಸ್ 1997ರಲ್ಲಿ ಇಂಥದ್ದೇ ಎಣಿಕೆ ಶುರು ಮಾಡಿದರು. ಈ ವರ್ಷ ಬಂದ ಮರಿಗಳ ಲೆಕ್ಕಕ್ಕೂ ನಾಲ್ಕು ವರ್ಷದ ನಂತರ ಮೀನುಗಾರರಿಗೆ ಸಿಗುವ ಏಡಿಗೂ ನಂಟಿದೆ ಅಂತ ಅವರು ತೋರಿಸಿದರು. ನಮ್ಮಲ್ಲಿ 2018ರಲ್ಲಿ ಪ್ಯೂಜೆಟ್ ಸೌಂಡ್‌ನ ದಕ್ಷಿಣ ಭಾಗದಲ್ಲಿ ಏಡಿ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು, ಅಷ್ಟು ಕಡಿಮೆಯಾಗಿತ್ತು. ಸ್ವಿನೊಮಿಶ್‌ನಂಥ ಇಲ್ಲಿನ ಮೂಲನಿವಾಸಿಗಳಿಗೆ ಈ ಏಡಿ ಊಟವೂ ಹೌದು, ಜೀವನೋಪಾಯವೂ ಹೌದು. ಬರಗಾಲ ಬರುತ್ತದೆ ಅಂತ ಮುಂಚೆಯೇ ಗೊತ್ತಾದರೆ ಹಿಡಿಯುವುದನ್ನು ಹತೋಟಿಯಲ್ಲಿ ಇಡಬಹುದು, ಅಲ್ವಾ? ಆದರೆ ಇಷ್ಟೊಂದು ದೋಣಿಕಟ್ಟೆಗಳಿಗೆ ದಿನ ಬಿಟ್ಟು ದಿನ ಸಂಬಳದ ಜನ ಕಳಿಸಲು ಯಾರಿಂದಲೂ ಆಗುವುದಿಲ್ಲ. ಹತ್ತಿರದಲ್ಲಿರುವ ನಾವೇ ಹೋಗಬೇಕು.

ಕೆಲವು ದಿನ ಟ್ರೇಯಲ್ಲಿ ಒಂದೂ ಇರುವುದಿಲ್ಲ. ಆಗಲೂ ಕ್ಯಾನು ತೊಳೆದು, ನೀರಿನ ಬಿಸಿ ಅಳೆದು, ಹಾಳೆಯಲ್ಲಿ 0 ಅಂತ ಬರೆಯುತ್ತೇವೆ. ಸುಮ್ನೆ ಖಾಲಿ ಬಿಟ್ಟರೆ, ಮರಿ ಬರಲಿಲ್ಲವೋ ನಾವು ಹೋಗಲಿಲ್ಲವೋ ನಾಲ್ಕು ವರ್ಷ ಬಿಟ್ಟು ನೋಡುವವರಿಗೆ ಹೇಗೆ ತಿಳಿಯಬೇಕು?